ಹವಾಯಿಯ ರಾಜ ಮತ್ತು ನಮ್ಮನೆ ಗೇಟು

ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ದೇವಸ್ಥಾನದ ಹಾಲಿನಲ್ಲಿ ನಾವು ಕನ್ನಡದವರು ರಾಜ್ಯೋತ್ಸವ ಮಾಡುತ್ತೇವೆ. ಈ ಸಲ ಮಕ್ಕಳು ನಾಡನ್ನು ಒಂದುಗೂಡಿಸಿದವರ ಬಗ್ಗೆ ಮೂರು ನಿಮಿಷ ಮಾತಾಡಬೇಕಿತ್ತು, ಕನ್ನಡದಲ್ಲೇ. ನನ್ನ ಹತ್ತು ವರ್ಷದ ಮಗಳು ಶಾಲೆಯ ಪುಸ್ತಕದಿಂದ ಹವಾಯಿ ದ್ವೀಪಗಳನ್ನು ಒಂದು ಮಾಡಿದ ರಾಜನನ್ನು ಹಿಡಿದುಕೊಂಡು ಬಂದಳು. ಕರ್ನಾಟಕವೆಲ್ಲಿ, ಹವಾಯಿಯೆಲ್ಲಿ, ನಾವು ಕೂತಿರುವ ನೈರೋಬಿಯೆಲ್ಲಿ. ನನಗೆ ತಲೆ ಕೆಟ್ಟುಹೋಯಿತು. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ, “ಕೊಡಮ್ಮ, ನಾನು ಹೇಳ್ಕೊಡ್ತೀನಿ” ಎಂದರು.

ನಾನು ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳುವುದು, ಅತ್ತೆ ಅದನ್ನು ಚಂದದ ಕನ್ನಡ ಮಾಡುವುದು, ಮಗಳು ಉರು ಹೊಡೆಯುವುದು. ಹುಟ್ಟಿದ ಕೂಡಲೇ ಕೊಂದಾರೆಂದು ಆ ರಾಜನನ್ನು ಬಚ್ಚಿಟ್ಟು ಬೆಳೆಸಿದರಂತೆ. ಯಾರೂ ಅಲುಗಾಡಿಸಲಾಗದ ಬಂಡೆಯನ್ನು ಹುಡುಗನಾಗಿದ್ದಾಗಲೇ ಉರುಳಿಸಿದನಂತೆ. ಬಿಳಿಯರಿಂದ ಬಂದೂಕು ತರಿಸಿ ಒಂದೊಂದೇ ದ್ವೀಪ ಗೆದ್ದ. ಒಂದು ಕಡೆ ಶತ್ರುಗಳನ್ನು ಕಡಿದಾದ ಬೆಟ್ಟದ ಅಂಚಿನಿಂದ ಕೆಳಕ್ಕೆ ದಬ್ಬಿಸಿದ. ಕೊನೆಯ ದ್ವೀಪ ಯುದ್ಧವಿಲ್ಲದೆ ಶರಣಾಯಿತು. ಇದೇ ಮನುಷ್ಯ ಹಿಂದೊಮ್ಮೆ ಬಡ ಬೆಸ್ತರನ್ನು ಅಟ್ಟಿಸಿಕೊಂಡು ಹೋಗಿ, ಬಂಡೆಯ ಬಿರುಕಿನಲ್ಲಿ ಕಾಲು ಸಿಕ್ಕಿಕೊಂಡು, ದೋಣಿಯ ಹುಟ್ಟು ಮುರಿಯುವ ಹಾಗೆ ಅವರಿಂದ ತಲೆಗೆ ಹೊಡೆಸಿಕೊಂಡಿದ್ದ. ರಾಜನಾದ ಮೇಲೆ ಅವರನ್ನು ಹಿಡಿದು ತಂದರೆ, ತಪ್ಪು ನನ್ನದೇ ಎಂದು ಬಿಟ್ಟುಬಿಟ್ಟ. ಮುದುಕರು, ಹೆಂಗಸರು, ಮಕ್ಕಳು ದಾರಿಬದಿಯಲ್ಲಿ ಮಲಗಿದರೂ ಯಾರೂ ಮುಟ್ಟಕೂಡದು ಎಂದು ಕಾನೂನು ಮಾಡಿದ.

“ಸೋ ವಾಸ್ ಹಿ ಗುಡ್ ಆರ್ ಬ್ಯಾಡ್, ಅಮ್ಮ?” ಎಂದು ಮಗಳು ಕೇಳಿದಳು.

“ನಂಗೊತ್ತಿಲ್ಲ. ಸುಮ್ನೆ ಬಾಯಿಪಾಠ ಮಾಡು” ಎಂದು ರೇಗಿದೆ. ನಿಜಕ್ಕೂ ಗೊತ್ತಿರಲಿಲ್ಲ.

ಅತ್ತೆಯ ಚಿಂತೆಯೇ ಬೇರೆ. ಮೈಸೂರಿನಲ್ಲಿ ಬೆಳಗಾದರೆ ಪ್ಲಾಸ್ಟಿಕ್ ಕವರು ಹಿಡಿದು, ಕಂಡವರ ಕಾಂಪೌಂಡಿನಿಂದ ಬೀದಿಗೆ ಬಾಗಿದ ಹೂವನ್ನೆಲ್ಲ ದೇವರಿಗೆಂದು ಕಿತ್ತು ತರುವವರು ಅವರು. ಇಲ್ಲಿ ನಾವಿರುವ ಲೊರೆಶೋ ಬಡಾವಣೆಯ ರಸ್ತೆಯಲ್ಲೂ ಬೇಲಿ ತುಂಬ ದಾಸವಾಳ. ದಿನಾ ಬೆಳಿಗ್ಗೆ, “ಒಂದು ಸುತ್ತು ಹೋಗಿಬರ್ಲಾ?” ಎಂದು ಕೇಳುವರು. ನಾನು ಬೇಡ ಎನ್ನುವೆ. ಅವರೊಬ್ಬರನ್ನೇ ಹೊರಗೆ ಬಿಡಬೇಡ ಎಂದು ಗೇಟು ಕಾಯುವ ಅಸ್ಕಾರಿಗೂ ಹೇಳಿಟ್ಟಿದ್ದೆ. ಇಲ್ಲಿಗೆ ಬಂದ ನಾಲ್ಕು ವರ್ಷದಲ್ಲಿ ನನಗೇನೂ ಆಗಿರಲಿಲ್ಲ. ವಾಟ್ಸಾಪಿನಲ್ಲಿ ಬಂದ ಕಳ್ಳತನ, ದರೋಡೆಗಳನ್ನೆಲ್ಲ ಅವರಿಗೆ ಓದಿ ಹೇಳುತ್ತಿದ್ದೆ, ಅಷ್ಟೆ.

ಕಾರ್ಯಕ್ರಮದಲ್ಲಿ ಮಗಳು ತಡವರಿಸದೆ ಆ ಕಾನೂನಿನವರೆಗೂ ಹೇಳಿದಳು. ‘ವಂದನೆಗಳು’ ಎನ್ನುವುದಷ್ಟೇ ಬಾಕಿ. ಆದರೆ ಮೈಕು ಬಿಡದೆ, “ನಮ್ಮಮ್ಮ ಅಜ್ಜಿನ ಗೇಟ್ ಆಚೆ ಬಿಡಲ್ಲ” ಎಂದಳು.

ಹಾಲೆಲ್ಲ ನಕ್ಕಿತು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ತಾನಾಗಿಯೇ ಆಡಿದ ಕನ್ನಡ ಅದು. ಖುಷಿಪಡಬೇಕೋ ನಾಚಿಕೆಪಡಬೇಕೋ ತಿಳಿಯದೆ ಕಾರಿನಲ್ಲಿ ಅತ್ತೆಯ ಮೇಲೆ ಹರಿಹಾಯ್ದೆ. “ನೀವೇ ಹೇಳ್ಕೊಟ್ರಾ?”

“ಇಲ್ಲಮ್ಮ. ವಂದನೆಗಳು ಅಂತ್ಲೇ ಮುಗ್ಸು ಅಂದಿದ್ದೆ.” ಸುಳ್ಳು ಹೇಳುವವರಲ್ಲ ಅವರು.

ಮಾರನೆಯ ಬೆಳಿಗ್ಗೆ ನಾನೇ ಅವರ ಕೈಗೆ ಕವರು ಕೊಟ್ಟೆ. ಅಸ್ಕಾರಿಗೆ ಹೇಳಿ ಗೇಟು ತೆಗೆಸಿದೆ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎದುರು ಬೇಲಿಯಲ್ಲಿ ಹೂವು ಕೈಗೆಟುಕುವಂತಿತ್ತು. ಅತ್ತೆ ಗೇಟಿನವರೆಗೆ ಹೋದರು, ಆಚೆ ಈಚೆ ನೋಡಿದರು, ನಿಂತುಬಿಟ್ಟರು.

“ಬೇಡ ಕಣಮ್ಮ” ಎಂದು ಹಿಂದಕ್ಕೆ ಬಂದರು. “ಬಂದ ಹೊಸದ್ರಲ್ಲಿ ಧೈರ್ಯ ಇತ್ತು. ನೀನು ಹೇಳಿ ಹೇಳಿ ಈಗ ನಂಗೂ ಹೆದರಿಕೆ ಆಗುತ್ತೆ.”

ಅಸ್ಕಾರಿ ಗೇಟು ಹಿಡಿದುಕೊಂಡೇ ನಿಂತಿದ್ದ. ಮುಚ್ಚು ಅನ್ನಬೇಕೋ ಬೇಡವೋ ನನಗೆ ತಿಳಿಯಲಿಲ್ಲ.