ಅತ್ತೆಯ ಎತ್ತು, ನನ್ನ ನೀತಿಪಾಠ

ಪೆರಿಯಾರ್ ಅಣೆಕಟ್ಟಿನ ನೀರು ನಮ್ಮ ಕಂಬಂ ಕಣಿವೆಗೆ ಹೊಸದಾಗಿ ಇಳಿದಿದ್ದ ಕಾಲ. ನಾನು ಮದುರೆಯಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ತರಗತಿಯಲ್ಲಿ ಹೆಚ್ಚಿನವರು ಮುಂದೆ ಅಂಗಡಿಗೋ ಏಲಕ್ಕಿ ತೋಟಕ್ಕೋ ಕಂಪನಿಯ ಕೆಲಸಕ್ಕೋ ಹೋಗುವವರೆಂದು ನೀತಿಶಾಸ್ತ್ರದ ಮೇಷ್ಟ್ರು ವಾರಕ್ಕೊಂದು ಗಂಟೆ ವ್ಯಾಪಾರದ ಧರ್ಮ ಹೇಳುತ್ತಿದ್ದರು. ರಜೆಗೆ ಹೊರಟಾಗ ಒಂದು ಕೆಲಸ ಕೊಟ್ಟರು. ಮನೆಯವರು ಏನಾದರೂ ಮಾರುವಾಗ ಜೊತೆಗಿದ್ದು, ನಡೆದದ್ದನ್ನು ನಡೆದ ಹಾಗೆ ಬರೆದು ತರಬೇಕು.

ತೇವಾರದ ನಮ್ಮ ಮನೆಯಲ್ಲಿ ಮಾರುವ ಕೊಳ್ಳುವ ಅಧಿಕಾರವೆಲ್ಲ ಸೋದರತ್ತೆಯದು. ಆ ವರ್ಷ ಅವಳು ಒಂದು ಬಿಳಿ ಎತ್ತನ್ನು ತೇನಿಯ ಸಂತೆಗೆ ಹೊಡೆದುಕೊಂಡು ಹೊರಟಳು, ಜೊತೆಗೆ ನಾನು. ನೋಡಲು ಚೆಂದದ ಎತ್ತು. ಆದರೆ ಹೊಳೆ ದಾಟುವಾಗ ನಡುನೀರಿನಲ್ಲಿ ಮಲಗಿಬಿಡುತ್ತಿತ್ತು. ಆವತ್ತೂ ಹಾಗೇ ಮಲಗಿತು, ನಾವು ಸಂತೆ ಮುಟ್ಟಿದ್ದು ನೆನೆದ ಬಟ್ಟೆಯಲ್ಲೇ.

ಮೊದಲು ಬಂದವನು ಕಂಬಂ ಊರಿನ ಭತ್ತದ ರೈತ. ಎತ್ತಿನ ಹಲ್ಲು ನೋಡಿದ, ಬೆನ್ನು ತಟ್ಟಿದ, ಒಪ್ಪಿದ. ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಇದು ನೀರ್ನಾಗೆ ಮಲಗ್ತದೆ," ಎಂದೆ.

ಅವನು ಅತ್ತೆಯ ಮುಖ ನೋಡಿ ಹೊರಟುಹೋದ.

"ಏನ್ಡಾ, ಕಾಲೇಜ್ನಾಗೆ ಇದೇ ಹೇಳ್ಕೊಡ್ತಾರಾ?" ಎಂದಳು ಅತ್ತೆ. ತಂದಿದ್ದ ಬುತ್ತಿಯನ್ನು ಒಬ್ಬಳೇ ಬಿಚ್ಚಿ ಉಂಡಳು.

ಬಿಸಿಲು ಇಳಿಯುವಾಗ ದಿಂಡುಕ್ಕಲ್ ಕಡೆಯ ಹೊಗೆಸೊಪ್ಪಿನ ರೈತನೊಬ್ಬ ಬಂದ. ಈ ಸಲ ನಾನು ದೂರದ ಬೆಟ್ಟ ನೋಡುತ್ತ ನಿಂತೆ. ಅತ್ತೆ ನನ್ನನ್ನೇ ಎರಡು ಸಲ ನೋಡಿದಳು. ಕೊನೆಗೆ ತಾನೇ ಶುರುಮಾಡಿದಳು.

"ಇದು ಹೊಳೇನಾಗೆ ಮಲಗ್ತದಪ್ಪಾ. ಆಮೇಲೆ ಹೇಳಿಲ್ಲ ಅನ್ಬೇಡ."

ಅವನು ನಕ್ಕ. "ನಮ್ಮೂರ್ನಾಗೆ ಕುಡಿಯೋಕೇ ಬಾವಿ ನೀರು ಅಕ್ಕಾ. ಮಲಗೋಕೆ ಹೊಳೆ ಎಲ್ಲೈತೆ?" ಎಂದು ದುಡ್ಡು ಕೊಟ್ಟು ಎತ್ತನ್ನು ಹಿಡಿದುಕೊಂಡು ಹೋದ.

ರಜೆ ಮುಗಿದು ಮದುರೆಗೆ ಹೋದ ಮೇಲೆ ಇದನ್ನೆಲ್ಲ ಬರೆದುಕೊಟ್ಟೆ. ಸತ್ಯ ಹೇಳಿದರೆ ಒಳ್ಳೆಯದೇ ಆಗುತ್ತದೆಂದು ಕೊನೆಗೆ ಒಂದು ಸಾಲನ್ನೂ ಸೇರಿಸಿದ್ದೆ. ಮೇಷ್ಟ್ರು ಆ ಸಾಲನ್ನು ಹೊಡೆದುಹಾಕಿದರು.

"ದಿಂಡುಕ್ಕಲ್ಲಿನವನು ಬಾರದೇ ಇದ್ದಿದ್ದರೆ?" ಎಂದರು.

"ಎರಡನೇ ಸಲ ಯಾಕಪ್ಪ ಸುಮ್ಮನಿದ್ದೆ?" ಎಂದೂ ಕೇಳಿದರು.

"ಅತ್ತೆಗೆ ಹೆದರಿದೆ, ಸರ್."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು.

"ಸುಳ್ಳು ತಪ್ಪು ಅಂತ ನಿಮಗೆ ಮನೆಯಲ್ಲೇ ಗೊತ್ತಾಗಿದೆ. ಅದನ್ನು ಕಲಿಸೋಕೆ ನಾನು ಬೇಕಾಗಿಲ್ಲ. ಆದರೆ ನೀವು ಹೋಗುವ ಪ್ರತಿ ಅಂಗಡಿಯಲ್ಲೂ ಒಬ್ಬ ಅತ್ತೆ ಇರುತ್ತಾಳೆ. ಆವತ್ತು ಏನು ಮಾಡಬೇಕು ಅಂತ ಇವತ್ತೇ ಯೋಚಿಸಿಟ್ಟುಕೊಳ್ಳಿ ಅಂತ ಈ ಪಾಠ."

ಊರಿಗೆ ಹೋದಾಗ ಅತ್ತೆಗೆ ಇದನ್ನು ಹೇಳಿದೆ. ತನ್ನ ಹೆಸರು ಮದುರೆಯ ಕಾಲೇಜು ಮುಟ್ಟಿತೆಂದು ಮೊದಲು ಮುಖ ಊದಿಸಿಕೊಂಡಳು.

"ಹಂಗಾದ್ರೆ ನಿನ್ನ ಪಾಸು ಮಾಡಿದ್ರಾ?"

"ಇದಕ್ಕೆ ಪರೀಕ್ಷೆ ಇಲ್ಲ ಅತ್ತೆ."

"ಪರೀಕ್ಷೆ ಇಲ್ದೇ ಇರೋದಕ್ಕಾ ಇಷ್ಟು ಕಷ್ಟ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, ಮುಂದಿನ ಸಂತೆಗೂ ಜೊತೆಗೆ ಬಾ ಎಂದಳು.