ಆಷಾಢದ ಏಡಿ ಸಾರು

ಕೊರೊನಾ ಮುಗಿದ ಮರುವರ್ಷ, ಆಷಾಢದ ಕೊನೆಯ ಭಾನುವಾರ. ನಾಲ್ಕು ದಿನ ಕಳೆದರೆ ಅಮಾವಾಸ್ಯೆ, ಅದರ ಮರುದಿನದಿಂದ ಶ್ರಾವಣ. ಮಾಂಸ ತಿನ್ನುವವರಿಗೆ ಅದು ಎಷ್ಟು ಅವಸರದ ಭಾನುವಾರ ಎಂಬುದನ್ನು ನಮ್ಮ ಹೂವಿನಹಡಗಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಾನೂ ನನ್ನ ಗೆಳೆಯ ಮಂಜಣ್ಣನೂ ಮಾಂಸ ತಿನ್ನುವವರ ಲೆಕ್ಕದಲ್ಲಿ ಇರಲಿಲ್ಲ. ಇಬ್ಬರದೂ ಕೊರಳಲ್ಲಿ ಲಿಂಗ ಕಟ್ಟುವ ಮನೆತನ. ಇಬ್ಬರೂ ಕದ್ದು ತಿನ್ನುತ್ತಿದ್ದೆವು.

ನನ್ನದು ಪಂಪಿನ ಬಿಡಿ ಭಾಗ ಮಾರುವ ಅಂಗಡಿ. ಮಂಜಣ್ಣನದು ಮಲ್ಲಿಗೆ ವ್ಯಾಪಾರ. ಬೆಳಗಿನ ಬಸ್ಸುಗಳಿಗೆ ಹೂವಿನ ಬುಟ್ಟಿ ಏರಿಸಿದರೆ ಅವನ ಅರ್ಧ ಕೆಲಸ ಮುಗಿದಂತೆ. ನಮ್ಮ ಮೂರನೆಯವರು ಖಾದರ್ ಭಾಯಿ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವವರು. ಅವರ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ, ಅದರ ಹಿಂದೆಯೇ ಅವರ ಮನೆ. ತಿಂಗಳಿಗೊಂದು ಭಾನುವಾರ ಆ ಕೋಣೆಯಲ್ಲಿ ನಮ್ಮ ಊಟ. ಅವರ ಹೆಂಡತಿ, ನಮ್ಮ ಭಾಬಿಯ ಕೈಯಡುಗೆ.

ಮೊದಮೊದಲು ಕೋಳಿ, ಕುರಿಯಲ್ಲೇ ತೃಪ್ತಿಯಿತ್ತು. ಆಮೇಲೆ ನಾಲಿಗೆ ದಾರಿ ತಪ್ಪಿತು. ಕಾಲು ಸೂಪು, ತಲೆಮಾಂಸ, ಕುರಿಯ ಕರುಳಿನ ಬೋಟಿ, ಫಾರಂ ಕೌಜುಗ, ಒಮ್ಮೆ ಮೈಯೆಲ್ಲ ಕಪ್ಪಾದ ಕಡಕ್‌ನಾಥ್ ಕೋಳಿ. ಮಂಜಣ್ಣನಿಗೆ ಬೋಟಿ ಎಂದರೆ ಜೀವ. ನನಗೆ ಅದರ ವಾಸನೆಯೇ ಆಗುತ್ತಿರಲಿಲ್ಲ, ಲಿವರ್ ಇದ್ದರೆ ಸಾಕಿತ್ತು. ಕೌಜುಗ ಇಬ್ಬರಿಗೂ ಹಿಡಿಸಿತು, ಆದರೆ ಎಲುಬು ಬಿಡಿಸುವಷ್ಟರಲ್ಲಿ ಹಸಿವೇ ಹೋಗುತ್ತಿತ್ತು. ಫೋನಿನಲ್ಲಿ ಮಾತಾಡಿದ್ದು ಮನೆಯವರ ಕಿವಿಗೆ ಬಿದ್ದೀತೆಂದು ಎಲ್ಲಕ್ಕೂ ತರಕಾರಿಯ ಹೆಸರಿಟ್ಟಿದ್ದೆವು. ಕೋಳಿ ಎಂದರೆ ಹೂಕೋಸು, ಲಿವರ್ ಎಂದರೆ ಬೀಟ್‌ರೂಟ್, ಬೋಟಿ ಎಂದರೆ ಶಾವಿಗೆ. ನನ್ನ ಹೆಂಡತಿ ಒಮ್ಮೆ, ನಿಮಗೆ ಬೀಟ್‌ರೂಟ್ ಇಷ್ಟು ಇಷ್ಟವೆಂದು ನನಗೆ ಗೊತ್ತೇ ಇರಲಿಲ್ಲ ಎಂದು ಪಲ್ಯ ಮಾಡಿ ಬಡಿಸಿದಳು. ನಾನು ಉಸಿರೆತ್ತದೆ ತಿಂದೆ.

ಹೊಸಪೇಟೆಯಿಂದ ಒಮ್ಮೆ ಸೀಗಡಿ ತಂದಿದ್ದೆವು. ಎರಡು ತಿನ್ನುವಷ್ಟರಲ್ಲಿ ಮಂಜಣ್ಣನ ತುಟಿ ಬಾತು, ಕೆರೆದುಕೊಳ್ಳತೊಡಗಿದ. ಖಾರ ತಡೆಯದ ಗಂಡಸು ಎಂದು ನಾನು ಗೇಲಿ ಮಾಡಿದೆ. ಅವನೂ ನಕ್ಕ.

ಆ ಭಾನುವಾರ ಬೆಳಿಗ್ಗೆ ನಾನು ಬಾಕಿ ಕೇಳಲೆಂದು ಮೈಲಾರದ ಕಡೆ ಹೋಗಿದ್ದೆ. ಹೊಳೆಗೆ ಹೊಸ ನೀರು ಬಂದಿತ್ತು. ದಡದಲ್ಲಿ ಒಬ್ಬ ಅಂಬಿಗರವನು ಏಡಿಗಳನ್ನು ಬುಟ್ಟಿಯಲ್ಲಿಟ್ಟು ಮೇಲೆ ಹಸಿ ಹುಲ್ಲು ಮುಚ್ಚಿಕೊಂಡು ಕುಳಿತಿದ್ದ. ಅಮಾವಾಸ್ಯೆ ಹತ್ತಿರ ಬಂದಾಗಲೇ ಏಡಿ ತುಂಬಿಕೊಂಡಿರುತ್ತದೆ, ಹುಣ್ಣಿಮೆಯಲ್ಲಿ ಬರೀ ಚಿಪ್ಪು ಎಂದು ಹೇಳಿದ. ಶ್ರಾವಣ ಬಂದರೆ ಒಂದು ತಿಂಗಳು ಬಾಯಿ ಕಟ್ಟಬೇಕು. ಎಂಟು ಏಡಿ ಕೊಂಡೆ. ಹೇಗೆ ಬಿಡಿಸಬೇಕು, ಹುಣಸೆಹುಳಿ ಎಷ್ಟು ಹಾಕಬೇಕು ಎಂಬುದನ್ನೂ ಅವನಿಂದಲೇ ಕೇಳಿಕೊಂಡೆ. ಮಂಜಣ್ಣನಿಗೆ ಫೋನು ಮಾಡಿ, ಇವತ್ತು ಎಣಿಗಾಯಿ ಎಂದೆ. ಏಡಿಗೆ ಹೆಸರಿಟ್ಟಿರಲಿಲ್ಲ. ಮುಳ್ಳುಬದನೆ ನೆನಪಾಗಿ, ಅದಕ್ಕೆ ಮಸಾಲೆ ತುಂಬಿ ಮಾಡುವ ಎಣಿಗಾಯಿ ಬಾಯಿಗೆ ಬಂತು. ಅವನು ಪಕ್ಕದಲ್ಲಿ ಅಪ್ಪ ಇದ್ದಾರೆಂದು ದನಿಯಲ್ಲೇ ತಿಳಿಸಿ, ಬರ್ತೀನಿ ಎಂದ.

ಖಾದರ್ ಭಾಯಿ ಚೀಲದಲ್ಲಿ ಇಣುಕಿ ನೋಡಿ ಹಿಂದೆ ಸರಿದರು.

"ಏಡಿ ನಮ್ಮಾಗ ನಡಿಯಂಗಿಲ್ರಿ ಕೊಟ್ರೇಶಣ್ಣ. ಆಕಿ ಪಾತ್ರಿನೂ ಕೊಡಂಗಿಲ್ಲ. ಬೇಕಾದ್ರ ಸ್ಟೋ ತಗೋರಿ, ನೀವ ಮಾಡ್ಕೊಳ್ರಿ."

ನನಗೆ ಆಶ್ಚರ್ಯವೇ ಆಯಿತು. ಅವರು ಎಲ್ಲವನ್ನೂ ತಿನ್ನುವವರು ಎಂದು ನಾನು ತಿಳಿದಿದ್ದೆ. ಇಷ್ಟು ವರ್ಷ ಅವರ ಮನೆಯಲ್ಲಿ ಉಂಡರೂ ಅವರಿಗೂ ತಿನ್ನಬಾರದ್ದು ಇರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ಒಂದು ಅಲ್ಯೂಮಿನಿಯಂ ಬೋಗುಣಿ ತಂದೆ. ಏಡಿಯ ಚಿಪ್ಪು ಬಿಡಿಸಿ, ಕಾಲು ಜಜ್ಜಿ, ಒಣಕೊಬ್ಬರಿ, ಬೆಳ್ಳುಳ್ಳಿ, ಖಾರ ಅರೆದು ಸಾರು ಮಾಡಿದವನು ನಾನೇ. ಭಾಬಿ ರೊಟ್ಟಿಯನ್ನಷ್ಟೇ ಕೊಟ್ಟರು. ಖಾದರ್ ಭಾಯಿ ನಮ್ಮಿಂದ ದೂರ ಸ್ಟೂಲಿನ ಮೇಲೆ ಕುಳಿತು ಮೊಟ್ಟೆ ಪಲ್ಯ ಉಂಡರು.

ಸಾರು ಚೆನ್ನಾಗಿತ್ತು. ಮಂಜಣ್ಣ ಕಾಲು ಕಡಿದು ರಸ ಹೀರುತ್ತಾ, ಬೋಟಿ ಬಿಟ್ಟೆ, ಇನ್ನು ಮುಂದೆ ಇದೇ ಎಂದ. ಎರಡನೆಯ ರೊಟ್ಟಿಗೆ ಅಂಗೈ ತುರಿಸಿಕೊಂಡ. ಕುತ್ತಿಗೆಯ ಮೇಲೆ ಕೆಂಪಗೆ ದದ್ದು ಎದ್ದಿತು. ಕೈ ತೊಳೆಯಲು ಎದ್ದವನು ಗೋಡೆ ಹಿಡಿದು ನಿಂತುಬಿಟ್ಟ. ತುಟಿ ಉಬ್ಬಿತ್ತು. ಮಾತು ತೊದಲುತ್ತಿತ್ತು.

ಖಾದರ್ ಭಾಯಿ ಅರ್ಧ ಊಟಕ್ಕೇ ಎದ್ದು ತಮ್ಮ ಓಮ್ನಿ ತೆಗೆದರು. ಹಿಂದಿನ ಸೀಟಿನಲ್ಲಿ ಮಂಜಣ್ಣನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಉಸಿರು ಸಿಳ್ಳೆಯ ಹಾಗೆ ಬರುತ್ತಿತ್ತು. ನನ್ನ ಮುಂಗೈ ಹಿಡಿದು ಒಂದೇ ಮಾತು ಹೇಳಿದ.

"ಅಪ್ಪಗ ಹೇಳಬ್ಯಾಡಲೇ."

ಅವನ ಅಪ್ಪನನ್ನು ನಾನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಲಿಂಗಪೂಜೆ ಆಗದೆ ನೀರೂ ಮುಟ್ಟದ ಮನುಷ್ಯ. ಅಣ್ಣನ ಮಗ ಧಾಬಾದಲ್ಲಿ ಕೋಳಿ ತಿಂದನೆಂದು ತಿಳಿದಾಗ ಮೂರು ದಿನ ಅನ್ನ ಬಿಟ್ಟಿದ್ದರು, ಆ ಹುಡುಗ ಇಂದಿಗೂ ಆ ಮನೆಯ ಪಡಸಾಲೆ ದಾಟುವಂತಿಲ್ಲ. ಮಂಜಣ್ಣ ಸಾಯುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಹೆದರಿದ್ದ.

ನರ್ಸಿಂಗ್ ಹೋಮ್ ಇದ್ದದ್ದು ಹೂವಿನ ಮಾರುಕಟ್ಟೆಯ ಮಗ್ಗುಲಲ್ಲೇ. ದಾರಿಯಲ್ಲಿ ಗಾಬರಿಗೆ ನಾನೇ ಅವನ ಮನೆಗೆ ಫೋನು ಮಾಡಿದ್ದೆ. ನಾವು ಒಳಗೆ ಹೋಗುವಷ್ಟರಲ್ಲಿ ಮಾರುಕಟ್ಟೆಯಲ್ಲಿದ್ದ ದೊಡ್ಡಪ್ಪ ಓಡಿ ಬಂದಿದ್ದರು. ಹೊರಗೆ ಬಸ್ಸೊಂದು ಅಡ್ಡ ನಿಂತಿದ್ದರಿಂದ ಖಾದರ್ ಭಾಯಿ ಗಾಡಿಯಲ್ಲೇ ಉಳಿದರು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ಮೂಗಿಗೆ ಆಕ್ಸಿಜನ್ ಹಚ್ಚುತ್ತಲೇ ಏನು ತಿಂದಿದ್ದರು ಎಂದು ಕೇಳಿದರು. ದೊಡ್ಡಪ್ಪ ಮಗನ ಪಾದ ತಿಕ್ಕುತ್ತಾ ನನ್ನ ಮುಖ ನೋಡಿದರು.

"ಎಣಿಗಾಯಿ, ರೊಟ್ಟಿರಿ" ಎಂದೆ.

ಅವನು ವಾರಕ್ಕೆ ಮೂರು ದಿನ ಎಣಿಗಾಯಿ ತಿನ್ನುವವನೇ, ಅದರಿಂದ ಏನೂ ಆಗುವುದಿಲ್ಲ, ಆದರೆ ಎರಡು ವರ್ಷದಿಂದ ಎದೆಯ ಗುಳಿಗೆ ನುಂಗುತ್ತಾನೆ ಎಂದು ದೊಡ್ಡಪ್ಪ ಹೇಳಿದರು. ಡಾಕ್ಟರು ಹೃದಯದ ಕಡೆ ತಿರುಗಿದರು. ಎದೆಗೆ ಇಸಿಜಿ ವೈರು ಹಚ್ಚಿಸಿದರು. ಆದರೂ ಅವರ ಮನಸ್ಸು ಒಪ್ಪಿರಲಿಲ್ಲ. ಕುತ್ತಿಗೆಯ ದದ್ದು ನೋಡಿ ಮತ್ತೆ ನನ್ನನ್ನೇ ಕೇಳಿದರು. ಹೊಸದೇನಾದರೂ ತಿಂದನೇ, ಹುಳ ಕಚ್ಚಿತೇ, ಹಿಂದೆ ಯಾವಾಗಲಾದರೂ ಹೀಗಾಗಿತ್ತೇ? ಅಲರ್ಜಿಯ ಇಂಜೆಕ್ಷನ್ ಕೊಟ್ಟರೆ ಹೃದಯದ ತೊಂದರೆ ಇರುವವರಿಗೆ ಅಪಾಯವಾಗಬಹುದು, ಸರಿಯಾಗಿ ನೆನಪಿಸಿಕೊಂಡು ಹೇಳಿ ಎಂದರು. ಆಗ ನನಗೆ ಸೀಗಡಿ ನೆನಪಾಯಿತು. ನೆನಪಾಗಿಯೂ ಇಲ್ಲ ಎಂದೆ.

ಎಷ್ಟು ಹೊತ್ತು ಎಂದು ಹೇಳಲಾರೆ. ಮಂಜಣ್ಣನ ತುಟಿ ನೀಲಿಗೆ ತಿರುಗಿತು. ಕಣ್ಣು ಮೇಲಾಯಿತು. ದೊಡ್ಡಪ್ಪ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ನಾನು ಅವರ ಮುಖವನ್ನು ನೋಡುತ್ತಾ, ಈಗ ಹೇಳಲೇ, ಇನ್ನೊಂದು ಕ್ಷಣ ನೋಡಲೇ ಎಂದು ಲೆಕ್ಕ ಹಾಕುತ್ತಾ ನಿಂತಿದ್ದೆ. ನನ್ನ ಗೆಳೆಯ ಸಾಯುತ್ತಿದ್ದ, ನಾನು ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಖಾದರ್ ಭಾಯಿ ಒಳಗೆ ಬಂದರು. ನರ್ಸು ಇನ್ನೊಬ್ಬಳಿಗೆ ಎಣಿಗಾಯಿ ಎನ್ನುವುದು ಅವರ ಕಿವಿಗೆ ಬಿದ್ದಿರಬೇಕು. ನನ್ನನ್ನು ಪಕ್ಕಕ್ಕೆ ತಳ್ಳಿ ಡಾಕ್ಟರ ಮುಂದೆ ನಿಂತರು.

"ಏಡಿ ತಿಂದಾನ್ರಿ ಮೇಡಂ. ಹೊಳಿ ಏಡಿ. ಹಿಂದಕ ಸೀಗಡಿ ತಿಂದಾಗನೂ ತುಟಿ ಬಾತಿತ್ತು."

ಡಾಕ್ಟರು ಮತ್ತೆ ಏನನ್ನೂ ಕೇಳಲಿಲ್ಲ. ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸಿಳ್ಳೆ ಸಣ್ಣಗಾಯಿತು, ತುಟಿಗೆ ಬಣ್ಣ ಬಂತು. ಇನ್ನು ಭಯವಿಲ್ಲ, ಆದರೆ ರಾತ್ರಿ ಇಲ್ಲೇ ಇರಲಿ ಎಂದರು. ನನ್ನ ಕಡೆ ಮಾತ್ರ ಅವರು ತಿರುಗಿಯೂ ನೋಡಲಿಲ್ಲ.

ದೊಡ್ಡಪ್ಪ ಹೊರಗೆ ಬಂದರು. ಬೆಂಚಿನ ಮೇಲೆ ಕುಳಿತರು. ಮಗ ಉಳಿದನೆಂಬ ಸಮಾಧಾನಕ್ಕೆ ಎರಡು ನಿಮಿಷ ಅತ್ತರು. ಆಮೇಲೆ ತಲೆ ಎತ್ತಿ ಖಾದರ್ ಭಾಯಿಯನ್ನು ನೋಡಿದರು.

"ನನ್ನ ಮಗಗ ಏಡಿ ತಿನ್ನಿಸಿದ್ಯಾ?"

ಖಾದರ್ ಭಾಯಿ ನನ್ನ ಕಡೆ ನೋಡಿದರು. ನಾನು ಹೇಳಬೇಕಾದದ್ದು ನಾಲ್ಕೇ ಮಾತು. ತಂದವನು ನಾನು, ಬೇಯಿಸಿದವನು ನಾನು. ನಾನು ನೆಲ ನೋಡಿದೆ.

"ತಪ್ಪಾತ್ರಿ ಯಜಮಾನ್ರ" ಎಂದರು ಖಾದರ್ ಭಾಯಿ.

ಆವತ್ತಿನಿಂದ ಊರಲ್ಲಿ ಹರಿದ ಕಥೆ ಇಷ್ಟು. ಖಾದರ್ ಎಂಬ ಮೋಟಾರಿನವನು ಲಿಂಗವಂತರ ಹುಡುಗನಿಗೆ ಏನೋ ತಿನ್ನಿಸಿ ಸಾಯಿಸುವುದರಲ್ಲಿದ್ದ, ಕೊಟ್ರೇಶ ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಹೊತ್ತೊಯ್ದು ಉಳಿಸಿದ. ಎಣಿಗಾಯಿ ಎಂದು ನಂಬಿ ತಿಳಿಯದೆ ತಿಂದ, ಹಿಂದಿನ ಸೀಗಡಿಯೂ ಹಾಗೇ ಎಂಬ ಮಾತು ಮಂಜಣ್ಣನನ್ನೂ ಜೊತೆಗೆ ಉಂಡ ನನ್ನನ್ನೂ ಕಾಪಾಡಿತು. ಮನೆಗೆ ಬಂದ ಮೇಲೆ ದೊಡ್ಡಪ್ಪ ಅವನಿಗೆ ವಿಭೂತಿ ಹಚ್ಚಿಸಿ, ಮತ್ತೆ ಲಿಂಗ ಕಟ್ಟಿಸಿ, ಖಾದರನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲವೆಂದು ಆಣೆ ಹಾಕಿಸಿಕೊಂಡರು. ಮಂಜಣ್ಣ ಹಾಕಿದ. ನಿಜ ಹೇಳಿಬಿಡೋಣ ಎಂದು ನಾನು ಒಂದೆರಡು ಸಲ ಅವನ ಹತ್ತಿರ ಎತ್ತಿದೆ. ನೀನೂ ಮನೆಗೆ ಬರುವುದು ತಪ್ಪುತ್ತದೆ, ಅಪ್ಪನಿಗೆ ವಯಸ್ಸಾಗಿದೆ, ಬಿಡು ಎಂದ. ನನಗೂ ಅದೇ ಬೇಕಾಗಿತ್ತು. ಬಿಟ್ಟೆ.

ರೈತರು ಕೆಲವರು ಮೋಟಾರನ್ನು ಬೇರೆ ಕಡೆ ಒಯ್ಯತೊಡಗಿದರು. ಖಾದರ್ ಭಾಯಿ ನನ್ನ ಅಂಗಡಿಗೆ ಬಂದರೆ ತಾಮ್ರದ ತಂತಿ, ಬೇರಿಂಗು ಕೇಳುವರು, ಬೇರೆ ಮಾತಿಲ್ಲ. ಭಾಬಿ ಒಮ್ಮೆ ಮಾತ್ರ ಬಾಗಿಲಲ್ಲಿ ನಿಂತು, ನಮ್ಮ ಪಾತ್ರೆಗೆ ಏಡಿ ಮುಟ್ಟಿಸಲಿಲ್ಲ, ನಮ್ಮ ಹೆಸರಿಗೆ ಮುಟ್ಟಿಸಿದಿರಿ ಎಂದರು. ಒಂದು ವರ್ಷ ಕಳೆದ ಮೇಲೆ ನಾನೇ ಧೈರ್ಯ ಮಾಡಿ, ಆವತ್ತು ಯಾಕೆ ಹಾಗೆ ಹೊತ್ತುಕೊಂಡಿರಿ ಎಂದು ಖಾದರ್ ಭಾಯಿಯನ್ನು ಕೇಳಿದೆ. ತಂತಿ ಸುತ್ತುವ ಕೈ ನಿಲ್ಲಿಸದೆ ಅವರು ಹೇಳಿದರು.

"ಮುದುಕ ಬೆಂಚಿನ ಮ್ಯಾಲ ನಡುಗಾಕತ್ತಿದ್ದ. ಅಲ್ಲಿ ಜಗಳ ಬ್ಯಾಡ ಅಂತ ಆ ಹೊತ್ತಿಗೆ ಹೊತ್ಕೊಂಡೆ ಕೊಟ್ರೇಶಣ್ಣ. ನಾಳೆ ನೀವು ಇಳಸ್ತೀರಿ ಅಂದ್ಕೊಂಡಿದ್ದೆ."

ನಾನು ಅವರಿಗೆ ಬೇಕಾದ ಸಾಮಾನಿನ ಚೀಟಿ ತೆಗೆದುಕೊಂಡು ಎದ್ದು ಬಂದೆ.

ಕಳೆದ ವರ್ಷ ದೊಡ್ಡಪ್ಪ ತೀರಿಕೊಂಡರು. ಹೂವಿನ ವ್ಯಾಪಾರದ ಮನೆ, ಅವರನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ಮಲ್ಲಿಗೆಯನ್ನೇ ಹೊದಿಸಿದ್ದರು. ಅವರನ್ನು ಕೂರಿಸಿದ್ದ ಪಡಸಾಲೆಯಲ್ಲಿ ನಾನು ಮಂಜಣ್ಣನ ಪಕ್ಕಕ್ಕೇ ನಿಂತಿದ್ದೆ, ಮನೆಯ ಮಗನ ಹಾಗೆ. ಆಗ ಖಾದರ್ ಭಾಯಿ ಒಂದು ಹಾರ ಹಿಡಿದು ಬಂದರು. ಬಿಳಿ ಅಂಗಿ ತೊಟ್ಟಿದ್ದರು. ಚಪ್ಪಲಿಯನ್ನು ದೂರವೇ ಬಿಟ್ಟು ಮೆಟ್ಟಿಲ ಹತ್ತಿರ ನಿಂತರು. ಮಂಜಣ್ಣನ ಚಿಕ್ಕಪ್ಪ ಅಡ್ಡ ಕೈ ಮಾಡಿದರು. ನೀವು ಒಳಗೆ ಬರುವುದು ಬೇಡ, ಹಾರವನ್ನು ಕೊಟ್ರೇಶನ ಕೈಗೆ ಕೊಡಿ, ಅವನು ಹಾಕುತ್ತಾನೆ ಎಂದರು. ಮಂಜಣ್ಣ ಅಪ್ಪನ ಮುಖವನ್ನೇ ನೋಡುತ್ತಿದ್ದ, ಈ ಕಡೆ ತಿರುಗಲಿಲ್ಲ.

ಖಾದರ್ ಭಾಯಿ ಹಾರ ನೀಡಿದರು. ನಾನು ತೆಗೆದುಕೊಂಡೆ. ಹೋಗಿ ದೊಡ್ಡಪ್ಪನ ಕೊರಳಿಗೆ ಹಾಕಿದೆ. ತಿರುಗಿ ನೋಡುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ ಹೊರಟಿದ್ದರು.

ಅಂದಿನಿಂದ ನಾನು ಮಾಂಸ ಮುಟ್ಟಿಲ್ಲ. ಅದು ಭಕ್ತಿಯಲ್ಲ. ತುತ್ತು ಬಾಯಿಗಿಟ್ಟರೆ ಇಳಿಯುವುದಿಲ್ಲ, ಅಷ್ಟೇ. ಜೀವ ಉಳಿಸಿದವನೆಂದು ನನಗೆ ಆ ಮನೆಯಲ್ಲಿ ಇಂದಿಗೂ ಮೊದಲ ಎಲೆ ಹಾಕುತ್ತಾರೆ. ದೊಡ್ಡಪ್ಪ ಬದುಕಿದ್ದಾಗ ಅವರಿಗೆ ನೋವಾಗುತ್ತದೆ ಎಂಬ ನೆಪವಿತ್ತು. ಈಗ ಆ ನೆಪವೂ ಇಲ್ಲ. ನನಗಿರುವುದು ಹೆದರಿಕೆ ಮಾತ್ರ ಎಂಬುದು ನನಗೇ ಗೊತ್ತಾಗಿದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬದಲಿಸಿಲ್ಲ. ಮಂಜಣ್ಣನ ಮನೆಯವರು ಓದಲಿ, ಚಿಕ್ಕಪ್ಪ ಓದಲಿ, ಮೋಟಾರನ್ನು ಬೇರೆ ಕಡೆ ಒಯ್ದವರೂ ಓದಲಿ. ನಾಳೆ ನನ್ನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದರೆ ನಿಲ್ಲುತ್ತೇನೆ. ನಿಲ್ಲಬೇಕಾಗಿದ್ದವನು ಮೊದಲಿನಿಂದಲೂ ನಾನೇ.