ಹಾಡುಗಳಿಗೆ ಹಾಕಿದ ಕೀಲಿ

ಗೆಳೆಯರೇ, ಮೂಡಲಗಿಯ ಭಜನಾ ಮೇಳದ ಹಾಡುಗಳನ್ನು ಅಂತರ್ಜಾಲದ ಬಾಡಿಗೆ ಜಾಗದಲ್ಲಿಟ್ಟು ಎಲ್ಲರಿಗೂ ತೆರೆದಿದ್ದೆ. ಯಾರು ಇಳಿಸಿಕೊಂಡರೂ ಖರ್ಚು ನನ್ನ ಕಾರ್ಡಿಗೆ. ಇಂದು ಬಂದ ಬಿಲ್ಲು ಅರ್ಧ ಪಗಾರದಷ್ಟಿತ್ತು. ಗಾಬರಿಯಲ್ಲಿ ಮೇಳದ ಹಿರಿಯ ಬಸಪ್ಪ ಕಾಕಾಗೆ ಫೋನ್ ಮಾಡಿ, ಇಷ್ಟೊಂದು ಕೇಳುವವರು ಯಾರೆಂದು ವಿಚಾರಿಸಿದೆ.

“ನಾವ ರೀ ಸರ. ದಿನಾ ಭಜನಿ ಮುಗಿಸಿ ಮ್ಯಾಳದವರೆಲ್ಲಾ ಸೈಬರ್ ಕೆಫೆಗೆ ಹೋಗಿ ಒಂದೊಂದ ಸಲ ಎಲ್ಲಾ ಇಳಿಸ್ತೀವಿ. ನೀವ ನಮ್ಮ ಹಾಡ ಇಟ್ಟೀರಿ, ಇಳಿಸಿದಷ್ಟೂ ನಿಮಗ ಹೆಸರ ಬರತೈತಿ, ನಾವ ಮುಯ್ಯಾ ತೀರಸಬ್ಯಾಡೇನ್ರಿ?”

ಇಳಿಸಿದಷ್ಟೂ ನನ್ನ ದುಡ್ಡು ಹೋಗುತ್ತದೆ ಎಂದೆ.

“ಹೌದೇನ್ರಿ? ಹಂಗಾರ ಮನಿಮನಿಗೆ ಪಟ್ಟಿ ಎತ್ತಿ ಆ ರೊಕ್ಕಾನೂ ಕೊಡ್ತೀವಿ. ಇಳಿಸೂದ ಮಾತ್ರ ಬಿಡಾಂಗಿಲ್ಲ.”

ಫೋನ್ ಇಟ್ಟವನೇ ಹಾಡುಗಳಿಗೆ ಕೀಲಿ ಹಾಕಿದೆ. ಬಿಲ್ಲಿನ ಭಯ ನಿಂತಿತು. ಹಾಡಿದವರನ್ನು ಬಿಟ್ಟು ಬೇರೆ ಯಾರೂ ಕೇಳಿರಲಿಲ್ಲವೇನೋ ಎಂಬ ಭಯ ಈಗ ಶುರುವಾಗಿದೆ.